ಬ್ರೇವ್ ನ್ಯೂ ವರ್ಲ್ಡ್: ಐರನ್ ಮೇಡನ್ ಮತ್ತೆ ಒಂದಾದ ಆಲ್ಬಂ

‘ಬ್ರೇವ್ ನ್ಯೂ ವರ್ಲ್ಡ್’ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಹನ್ನೆರಡನೆಯ ಸ್ಟುಡಿಯೊ ಆಲ್ಬಂ. 2000ದ ಮೇ 29ರಂದು ಬಿಡುಗಡೆಯಾಯಿತು. ಹತ್ತು ಹಾಡು, ಸುಮಾರು 67 ನಿಮಿಷ. ಆರು ವರ್ಷಗಳ ಹಿಂದೆಯೇ ತಂಡ ಬಿಟ್ಟಿದ್ದ ಗಾಯಕ ಬ್ರೂಸ್ ಡಿಕಿನ್ಸನ್ ಮತ್ತು ಅದಕ್ಕೂ ಮೊದಲೇ ಹೊರನಡೆದಿದ್ದ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಮರಳಿ ಬಂದು ಸೇರಿದ ಮೇಲೆ ತಂಡ ಮಾಡಿದ ಮೊದಲ ಆಲ್ಬಂ ಇದು.

ಹಳೆಯವರು ಮರಳಿ ಬಂದರೂ ತಂಡ ಹಳೆಯದಾಗಿ ಉಳಿಯಲಿಲ್ಲ. ಐದು ಮಂದಿಯ ತಂಡ ಆರು ಮಂದಿಯದಾಯಿತು. ಎರಡು ಗಿಟಾರ್‌ಗಳಿದ್ದ ಕಡೆ ಮೂರಾದವು. ಒಡೆದುಹೋದ ರಾಕ್ ತಂಡಗಳು ಮತ್ತೆ ಕೂಡಿದಾಗ ಸಾಮಾನ್ಯವಾಗಿ ಹಳೆಯ ಹಾಡುಗಳನ್ನೇ ಹಾಡಿ ದುಡ್ಡು ಮಾಡಿಕೊಂಡು ಚದುರುತ್ತವೆ. ಐರನ್ ಮೇಡನ್ ಹಾಗೆ ಮಾಡದೆ ಹೊಸ ಹಾಡುಗಳನ್ನು ಬರೆಯಿತು, ಅವುಗಳನ್ನೇ ಮುಂದಿಟ್ಟುಕೊಂಡು ಊರೂರು ತಿರುಗಿತು. ಆ ನಿರ್ಧಾರ ಹೇಗೆ ಹುಟ್ಟಿತು, ಕೇಳುವವನ ಕಿವಿಗೆ ಅದು ಏನನ್ನು ಕೊಟ್ಟಿತು ಎಂಬುದೇ ಈ ಆಲ್ಬಂನ ಚರಿತ್ರೆ.

ಅದಕ್ಕೂ ಮುಂಚೆ

ಐರನ್ ಮೇಡನ್ ಹುಟ್ಟಿದ್ದು 1975ರ ಕೊನೆಯಲ್ಲಿ, ಪೂರ್ವ ಲಂಡನ್ನಿನಲ್ಲಿ. ಕಟ್ಟಿದವರು ಬೇಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್. ಅಂದಿನಿಂದ ಇಂದಿನವರೆಗೆ ತಂಡದ ಎಲ್ಲ ಆಲ್ಬಂಗಳಲ್ಲೂ ಇರುವವರು ಇಬ್ಬರೇ: ಹ್ಯಾರಿಸ್ ಮತ್ತು ಗಿಟಾರ್ ವಾದಕ ಡೇವ್ ಮರ್ರೆ. ಸ್ಮಿತ್ 1980ರಲ್ಲಿ ಸೇರಿದರು, ಡಿಕಿನ್ಸನ್ 1981ರಲ್ಲಿ, ಡ್ರಮ್ಸ್‌ನ ನಿಕೊ ಮೆಕ್‌ಬ್ರೇನ್ 1982ರ ಕೊನೆಗೆ.

ಆಮೇಲಿನ ಏಳೆಂಟು ವರ್ಷ ತಂಡಕ್ಕೆ ಮುಟ್ಟಿದ್ದೆಲ್ಲ ಚಿನ್ನ. 1982ರ ‘ದ ನಂಬರ್ ಆಫ್ ದ ಬೀಸ್ಟ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ‘ಪೀಸ್ ಆಫ್ ಮೈಂಡ್’, ‘ಪವರ್‌ಸ್ಲೇವ್’, ‘ಸಮ್‌ವೇರ್ ಇನ್ ಟೈಮ್’ ಒಂದರ ಹಿಂದೊಂದು ಬಂದವು. 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ ಮತ್ತೆ ಮೊದಲ ಸ್ಥಾನ ಹಿಡಿಯಿತು. ಗುರುತು ಹಿಡಿಯಲು ತಡವಾಗದ ಶೈಲಿ ಅವರದು. ಕುದುರೆಯ ನಾಗಾಲೋಟದ ಲಯದಲ್ಲಿ ಓಡುವ ಬೇಸ್, ಜೋಡಿಯಾಗಿ ಹೆಣೆದುಕೊಂಡು ಸಾಗುವ ಎರಡು ಗಿಟಾರ್, ತಾರಸ್ಥಾಯಿಯಲ್ಲಿ ನಿಂತು ಕೂಗುವ ಡಿಕಿನ್ಸನ್‌ರ ಕಂಠ. ಹಾಡಿನ ವಸ್ತುಗಳೂ ಮಾಮೂಲಿನವಲ್ಲ: ಯುದ್ಧ, ಪುರಾಣ, ಇಂಗ್ಲಿಷ್ ಕಾವ್ಯ, ಹಳೆಯ ಸಿನಿಮಾ, ಭವಿಷ್ಯದ ಕಥೆ.

ಇಬ್ಬರು ಹೊರಟರು

1990ರಲ್ಲಿ ‘ನೋ ಪ್ರೇಯರ್ ಫಾರ್ ದ ಡೈಯಿಂಗ್’ ಆಲ್ಬಂನ ತಯಾರಿ ನಡೆದಿರುವಾಗಲೇ ಸ್ಮಿತ್ ತಂಡ ಬಿಟ್ಟರು. ಥಳುಕು ಕಡಿಮೆ ಮಾಡಿ ಒರಟು ದನಿಗೆ ಮರಳಬೇಕೆಂಬ ಹಟ ತಂಡದಲ್ಲಿತ್ತು. ಸ್ಮಿತ್‌ಗೆ ಅದರಲ್ಲಿ ಮನಸ್ಸಿರಲಿಲ್ಲ. ಅವರ ಜಾಗಕ್ಕೆ ಬಂದವರು ಜ್ಯಾನಿಕ್ ಗರ್ಸ್. ಉತ್ತರ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಊರಿನ ಗರ್ಸ್ ಅದೇ ವರ್ಷ ಡಿಕಿನ್ಸನ್‌ರ ಸ್ವತಂತ್ರ ಆಲ್ಬಂ ‘ಟ್ಯಾಟೂಡ್ ಮಿಲಿಯನೇರ್’ಗೆ ನುಡಿಸಿದ್ದರು. ಅಂದರೆ ಗರ್ಸ್‌ಗೆ ಮೇಡನ್ ಬಾಗಿಲು ತೆರೆದದ್ದು ಡಿಕಿನ್ಸನ್ ಸಹವಾಸದಿಂದ.

ಆದರೆ ಬಾಗಿಲು ತೆರೆಸಿದವರೇ ಮೂರು ವರ್ಷಕ್ಕೆ ಹೊರಟುನಿಂತರು. ತನ್ನದೇ ಸಂಗೀತ ಹುಡುಕಬೇಕೆಂದು ಡಿಕಿನ್ಸನ್ 1993ರಲ್ಲಿ ಬಿಡುವ ನಿರ್ಧಾರ ತಿಳಿಸಿದರು. ಅದು ಗೊತ್ತಾದ ಮೇಲೂ ಒಂದು ಇಡೀ ಪ್ರವಾಸ ಮುಗಿಸಬೇಕಾಗಿತ್ತು. ಹೊರಡುವುದು ಖಚಿತವಾದ ಗಾಯಕನೊಂದಿಗೆ ರಾತ್ರಿಯಿಂದ ರಾತ್ರಿಗೆ ವೇದಿಕೆ ಹತ್ತುವುದು ಉಳಿದವರಿಗೆ ಸುಲಭವಾಗಿರಲಿಲ್ಲ. ಕೊನೆಯ ಕಾರ್ಯಕ್ರಮ ಆಗಸ್ಟ್ 28ರಂದು ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೊದಲ್ಲಿ ನಡೆಯಿತು.

ಬ್ಲೇಜ್ ಬೇಲಿಯ ಐದು ವರ್ಷ

ಯಕ್ಷಗಾನ ಮೇಳದಲ್ಲಿ ಭಾಗವತರು ಬದಲಾದರೆ ಪ್ರಸಂಗ ಅದೇ ಇದ್ದರೂ ಆಟದ ರಂಗು ಬೇರೆಯಾಗುತ್ತದಲ್ಲ, ಮೇಡನ್‌ಗೆ ಆದದ್ದೂ ಅದೇ. 1994ರಲ್ಲಿ ವುಲ್ಫ್ಸ್‌ಬೇನ್ ತಂಡದ ಬ್ಲೇಜ್ ಬೇಲಿ ಹೊಸ ಗಾಯಕರಾಗಿ ಬಂದರು. ಬೇಲಿಯದು ಮಂದ್ರದಲ್ಲಿ ಗಟ್ಟಿಯಾಗಿ ನಿಲ್ಲುವ ಭಾರದ ಕಂಠ. ಡಿಕಿನ್ಸನ್‌ಗಾಗಿ ಕಟ್ಟಿದ ಹಳೆಯ ಹಾಡುಗಳೆಲ್ಲ ತಾರಸ್ಥಾಯಿಯವು. ಕಾರ್ಯಕ್ರಮದಲ್ಲಿ ಅವನ್ನು ಹಾಡದೆ ವಿಧಿಯಿಲ್ಲ, ಹಾಡಿದರೆ ಕಂಠ ಸೋಲುತ್ತಿತ್ತು. ಗಂಟಲ ತೊಂದರೆಯಿಂದ ಕಾರ್ಯಕ್ರಮಗಳು ರದ್ದಾದದ್ದೂ ಉಂಟು.

ಈ ಕಾಲದ ಎರಡು ಆಲ್ಬಂಗಳು 1995ರ ‘ದ ಎಕ್ಸ್ ಫ್ಯಾಕ್ಟರ್’ ಮತ್ತು 1998ರ ‘ವರ್ಚುವಲ್ ಇಲೆವೆನ್’. ಮೊದಲನೆಯದು ಬ್ರಿಟನ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ನಿಂತರೆ ಎರಡನೆಯದು 16ಕ್ಕೆ ಇಳಿಯಿತು. ಅಮೆರಿಕದಲ್ಲಿ ಎರಡೂ ಮೊದಲ ನೂರರೊಳಗೆ ಬರಲಿಲ್ಲ. ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸುತ್ತಿದ್ದ ತಂಡ ಅಲ್ಲಿ ಕ್ಲಬ್ಬುಗಳಲ್ಲಿ ನುಡಿಸಬೇಕಾಯಿತು. ಹೆವಿ ಮೆಟಲ್‌ಗೇ ಆಗ ಹಿನ್ನಡೆಯ ಕಾಲ. ಸಿಯಾಟಲ್‌ನ ಗ್ರಂಜ್ ಸಂಗೀತ ಅಮೆರಿಕದ ಕಿವಿಗಳನ್ನು ಬೇರೆ ಕಡೆ ತಿರುಗಿಸಿತ್ತು.

ಇಷ್ಟಕ್ಕೆಲ್ಲ ಬೇಲಿಯೊಬ್ಬರನ್ನೇ ಹೊಣೆ ಮಾಡುವುದು ಅನ್ಯಾಯ. ‘ಎಕ್ಸ್ ಫ್ಯಾಕ್ಟರ್’ನ ಕತ್ತಲು, ಅದರ ನಿಧಾನ ಅವರ ಕಂಠಕ್ಕೆ ಹೇಳಿ ಮಾಡಿಸಿದಂತಿವೆ. ‘ಸೈನ್ ಆಫ್ ದ ಕ್ರಾಸ್’ ಮತ್ತು ‘ದ ಕ್ಲ್ಯಾನ್ಸ್‌ಮನ್’ ತಂಡದ ಅತ್ಯುತ್ತಮ ಹಾಡುಗಳ ಸಾಲಿನಲ್ಲಿ ನಿಲ್ಲುವಂಥವು. ಹೊಂದದ ಅಂಗಿಯನ್ನು ತೊಡಿಸಿದವರ ತಪ್ಪೂ ಇದೆ.

1999: ಯಾರು ಬಂದರು, ಯಾರು ಉಳಿದರು

ಇತ್ತ ಡಿಕಿನ್ಸನ್ ಮತ್ತು ಸ್ಮಿತ್ ಮತ್ತೆ ಜೊತೆಯಾಗಿದ್ದರು. ಡಿಕಿನ್ಸನ್ ಹೆಸರಿನಲ್ಲಿ ಬಂದ ‘ಆ್ಯಕ್ಸಿಡೆಂಟ್ ಆಫ್ ಬರ್ತ್’ (1997) ಮತ್ತು ‘ದ ಕೆಮಿಕಲ್ ವೆಡಿಂಗ್’ (1998) ಆಲ್ಬಂಗಳಲ್ಲಿ ಸ್ಮಿತ್ ಗಿಟಾರ್ ನುಡಿಸಿದರು. ಅದೇ ಹೊತ್ತಿನಲ್ಲಿ ಮೇಡನ್ ಮಾಡುತ್ತಿದ್ದುದಕ್ಕಿಂತ ಇವು ಹೆಚ್ಚು ಮೇಡನ್‌ನಂತೆ ಕೇಳಿಸುತ್ತವೆ ಎಂದು ಅಭಿಮಾನಿಗಳು ಆಡಿಕೊಳ್ಳತೊಡಗಿದರು. ಆ ಮಾತಿನಲ್ಲಿ ಸತ್ಯವಿತ್ತು.

1999ರ ಜನವರಿಯಲ್ಲಿ ಬೇಲಿ ತಂಡದಿಂದ ಹೊರಬಿದ್ದರು. ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಮಧ್ಯಸ್ಥಿಕೆಯಲ್ಲಿ ಹ್ಯಾರಿಸ್ ಮತ್ತು ಡಿಕಿನ್ಸನ್ ಎದುರುಬದುರು ಕೂತು ಮಾತಾಡಿದರು. ಹ್ಯಾರಿಸ್‌ಗೆ ಇದ್ದ ಅಳುಕು, ಈತ ಬಂದು ಮತ್ತೆ ಬಿಟ್ಟುಹೋದರೆ ಗತಿಯೇನು ಎಂಬುದು. ಡಿಕಿನ್ಸನ್‌ಗೆ ಬೇಕಿದ್ದದ್ದು ಹಳೆಯ ನೆನಪುಗಳ ಮೆರವಣಿಗೆಯಲ್ಲ. ಹೊಸ ಆಲ್ಬಂ, ಅದೂ ಸರಿಯಾದ ಸ್ಟುಡಿಯೊದಲ್ಲಿ ಸರಿಯಾದ ನಿರ್ಮಾಪಕನ ಕೈಯಲ್ಲಿ ಆಗುವಂಥದ್ದು. ಇಬ್ಬರ ಅಳುಕಿಗೂ ಉತ್ತರ ಒಂದೇ ಆಗಿತ್ತು: ಮುಂದಕ್ಕೆ ನೋಡುವುದು.

ಸ್ಮಿತ್ ಬರುವುದಾದರೆ ಗರ್ಸ್ ಏನಾಗಬೇಕು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಬೇರೆ ಯಾವುದೇ ತಂಡವಾಗಿದ್ದರೆ ಒಂಬತ್ತು ವರ್ಷ ದುಡಿದವನಿಗೆ ಕೈಕುಲುಕಿ ಬೀಳ್ಕೊಡುತ್ತಿತ್ತು, ಅಭಿಮಾನಿಗಳೂ ಒಪ್ಪಿಕೊಳ್ಳುತ್ತಿದ್ದರು. ಮೇಡನ್ ಆ ದಾರಿ ಹಿಡಿಯಲಿಲ್ಲ. ಕಷ್ಟಕಾಲದಲ್ಲಿ ಜೊತೆಗಿದ್ದವನನ್ನು ಒಳ್ಳೆಯ ಕಾಲ ಬರುವಾಗ ಕಳಿಸಲಾರೆವು ಎಂಬಂತೆ ಮರ್ರೆ, ಸ್ಮಿತ್, ಗರ್ಸ್ ಮೂವರನ್ನೂ ಇಟ್ಟುಕೊಂಡಿತು. ಹೆವಿ ಮೆಟಲ್‌ನಲ್ಲಿ ಎರಡು ಗಿಟಾರ್ ಎಂಬುದು ವಾಡಿಕೆ. ಮೂರನೆಯದು ಗದ್ದಲಕ್ಕೆ ದಾರಿಯಾದೀತೆಂಬ ಅನುಮಾನ ಬಹಳ ಜನಕ್ಕಿತ್ತು.

ಫೆಬ್ರವರಿಯಲ್ಲಿ ಸುದ್ದಿ ಹೊರಬಿತ್ತು. ಜುಲೈ ತಿಂಗಳಲ್ಲಿ ಕೆನಡಾದಿಂದ ‘ಎಡ್ ಹಂಟರ್’ ಪ್ರವಾಸ ಆರಂಭವಾಯಿತು. ಎಡ್ ಹಂಟರ್ ಎಂಬುದು ತಂಡದ ಹಳೆಯ ಹಾಡುಗಳ ಸಂಕಲನದ ಜೊತೆ ಬಂದ ಕಂಪ್ಯೂಟರ್ ಆಟದ ಹೆಸರು. ಆರು ಮಂದಿ ಒಟ್ಟಿಗೆ ನುಡಿಸುವುದನ್ನು ಜನರ ಎದುರೇ ರೂಢಿ ಮಾಡಿಕೊಂಡ ಪ್ರವಾಸ ಅದು.

ಮೂರನೇ ಗಿಟಾರ್ ಮಾಡುವ ಕೆಲಸ

ಮೂರು ಗಿಟಾರ್ ಏಕೆ ಬೇಕು ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಈ ಆಲ್ಬಂನ ನಾದ ನಿಂತಿರುವುದೇ ಅದರ ಮೇಲೆ.

ಮೇಡನ್‌ನ ಗುರುತು ಜೋಡಿ ಗಿಟಾರ್‌ಗಳ ಮೇಳ. ಒಂದು ಗಿಟಾರ್ ಷಡ್ಜದಲ್ಲಿದ್ದರೆ ಇನ್ನೊಂದು ಗಾಂಧಾರದಲ್ಲಿ. ಮೊದಲನೆಯದು ಮೇಲಕ್ಕೆ ಹೋದಂತೆ ಎರಡನೆಯದೂ ಅದೇ ಅಂತರ ಕಾಯ್ದುಕೊಂಡು ಜೊತೆಗೆ ಹೋಗುತ್ತದೆ. ಕೇಳಲು ಸೊಗಸು. ಆದರೆ ಇರುವ ಇಬ್ಬರೂ ಈ ಕೆಲಸಕ್ಕೆ ಇಳಿದ ಕೂಡಲೇ ಕೆಳಗಿನ ಲಯದ ಗಿಟಾರ್ ನಿಂತುಹೋಗುತ್ತದೆ. ಸ್ಟುಡಿಯೊದಲ್ಲಾದರೆ ಅದೇ ಗಿಟಾರನ್ನು ಮತ್ತೊಮ್ಮೆ ನುಡಿಸಿ ಮೇಲೆ ಕೂರಿಸಬಹುದು. ವೇದಿಕೆಯ ಮೇಲೆ ಆಗದು. ಇಷ್ಟು ವರ್ಷ ಆ ಖಾಲಿ ಜಾಗ ತುಂಬಿದ್ದು ಹ್ಯಾರಿಸ್‌ರ ಬೇಸ್. ಬೆರಳುಗಳಿಂದಲೇ ಅಷ್ಟು ಬಿರುಸಾಗಿ, ಅಷ್ಟು ಮುಂದಾಗಿ ನುಡಿಸುವ ಅವರ ಅಭ್ಯಾಸಕ್ಕೆ ಇದೂ ಒಂದು ಕಾರಣ ಎಂದು ನನಗೆ ತೋರುತ್ತದೆ.

ಮೂರನೆಯವರು ಬಂದಾಗ ಇಬ್ಬರು ಮೇಳ ನುಡಿಸುವಾಗಲೂ ಒಬ್ಬರು ಕೆಳಗೆ ಲಯ ಹಿಡಿದು ನಿಲ್ಲಬಹುದಾಯಿತು. ಬೇಕೆಂದಾಗ ಮೂವರೂ ಮೂರು ಎತ್ತರದಲ್ಲಿ ಒಂದೇ ಎಳೆ ನುಡಿಸಬಹುದು. ಮೂವರ ಕೈಗುಣವೂ ಬೇರೆ ಬೇರೆ. ಮರ್ರೆಯದು ಜಾರಿಕೊಂಡು ಹರಿಯುವ ಮೃದು ಎಳೆ. ಸ್ಮಿತ್ ಪ್ರತಿ ಸ್ವರವನ್ನೂ ಮೊದಲೇ ಯೋಚಿಸಿ ಅಳೆದು ಇಡುತ್ತಾರೆ. ಗರ್ಸ್‌ದು ಆ ಕ್ಷಣದ ಆವೇಶ, ಒರಟು. ‘ಬ್ರೇವ್ ನ್ಯೂ ವರ್ಲ್ಡ್’ ಆಲ್ಬಂನಲ್ಲಿ ಸೋಲೊ ಬಂದಾಗ ಯಾರು ನುಡಿಸುತ್ತಿದ್ದಾರೆಂದು ಎರಡು ಮೂರು ಬಾರಿ ಕೇಳುವಷ್ಟರಲ್ಲಿ ಕಿವಿಯೇ ಹೇಳುತ್ತದೆ. ಗದ್ದಲವಾಗಲಿಲ್ಲ, ದನಿ ತುಂಬಿಕೊಂಡಿತು.

ಪ್ಯಾರಿಸ್‌ನಲ್ಲಿ ಧ್ವನಿಮುದ್ರಣ

ತೊಂಬತ್ತರ ದಶಕದಲ್ಲಿ ತಂಡ ಹೆಚ್ಚಾಗಿ ಎಸೆಕ್ಸ್‌ನಲ್ಲಿ ಹ್ಯಾರಿಸ್‌ರ ಮನೆಯಂಗಳದ ಬಾರ್ನ್‌ಯಾರ್ಡ್ ಸ್ಟುಡಿಯೊದಲ್ಲೇ ಕೆಲಸ ಮಾಡುತ್ತಿತ್ತು. ಎಂಬತ್ತರ ದಶಕದ ಅವರ ನಾದವನ್ನು ರೂಪಿಸಿದ ನಿರ್ಮಾಪಕ ಮಾರ್ಟಿನ್ ಬರ್ಚ್ 1992ರಲ್ಲೇ ನಿವೃತ್ತರಾಗಿದ್ದರು. ಆಮೇಲಿನ ಆಲ್ಬಂಗಳು ಒಣಗಿದಂತೆ, ಇಕ್ಕಟ್ಟಿನಲ್ಲಿ ಸಿಕ್ಕಿದಂತೆ ಕೇಳಿಸುವುದಕ್ಕೆ ಇದೂ ಕಾರಣ.

ಈ ಬಾರಿ ಹೊಸ ಕಿವಿ ಬೇಕಾಗಿತ್ತು. ದಕ್ಷಿಣ ಆಫ್ರಿಕ ಮೂಲದ ಕೆವಿನ್ ಶರ್ಲಿ ಬಂದರು. ಸಿಲ್ವರ್‌ಚೇರ್, ಏರೋಸ್ಮಿತ್, ಡ್ರೀಮ್ ಥಿಯೇಟರ್ ತಂಡಗಳೊಂದಿಗೆ ಕೆಲಸ ಮಾಡಿದ್ದವರು. ಹ್ಯಾರಿಸ್ ಸಹನಿರ್ಮಾಪಕರಾದರು. ಸ್ಥಳ, ಪ್ಯಾರಿಸ್ ಅಂಚಿನ ಗಿಯೋಮ್ ಟೆಲ್ ಸ್ಟುಡಿಯೊ. ಹಿಂದೆ ಅದು ಸಿನಿಮಾ ಮಂದಿರ, ಹಾಗಾಗಿ ಸೂರು ಎತ್ತರ, ಒಳಾಂಗಣ ವಿಶಾಲ. 1999ರ ಕೊನೆಯಲ್ಲಿ ಕೆಲಸ ಶುರುವಾಗಿ 2000ದ ಮೊದಲ ತಿಂಗಳುಗಳಿಗೆ ಚಾಚಿತು.

ಶರ್ಲಿ ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ: ಎಲ್ಲರೂ ಒಟ್ಟಿಗೆ ನಿಂತು ನುಡಿಸಿ. ಆಗಿನ ಪದ್ಧತಿಯಲ್ಲಿ ಮೊದಲು ಡ್ರಮ್ಸ್, ಅದರ ಮೇಲೆ ಬೇಸ್, ಆಮೇಲೆ ಒಂದೊಂದೇ ಗಿಟಾರ್, ಕೊನೆಗೆ ಕಂಠ ಎಂದು ಪದರಪದರವಾಗಿ ಮುದ್ರಿಸುತ್ತಿದ್ದರು. ತಪ್ಪು ಕಡಿಮೆಯಾಗುತ್ತಿತ್ತು, ಜೀವವೂ ಕಡಿಮೆಯಾಗುತ್ತಿತ್ತು. ಪ್ಯಾರಿಸ್‌ನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಡೀ ಹಾಡನ್ನು ಒಂದೇ ಉಸಿರಿಗೆ ನುಡಿಸಿದರು. ಬೇಕಾದ ಕಡೆ ಆಮೇಲೆ ತಿದ್ದಿಕೊಂಡರು.

ಅದರ ಗುರುತು ಆಲ್ಬಂನ ಕಟ್ಟಕಡೆಗೆ ಉಳಿದುಕೊಂಡಿದೆ. ಕೊನೆಯ ಹಾಡು ‘ದ ಥಿನ್ ಲೈನ್ ಬಿಟ್ವೀನ್ ಲವ್ ಅಂಡ್ ಹೇಟ್’ ಎಂಟು ನಿಮಿಷ ದಾಟಿ ಮುಗಿದ ಮೇಲೆ, ವಾದ್ಯಗಳ ಗುಂಗು ಅಡಗುವಾಗ, ಮೆಕ್‌ಬ್ರೇನ್‌ರ ದನಿ ಕೇಳಿಸುತ್ತದೆ. ಏಟೊಂದು ತಪ್ಪಿಹೋಯಿತಲ್ಲ ಎಂದು ಡ್ರಮ್ಸ್ ಹಿಂದಿನಿಂದ ತನ್ನನ್ನೇ ಬೈದುಕೊಳ್ಳುವ ದನಿ ಅದು. ಅಳಿಸಿಹಾಕುವುದು ಒಂದು ಗುಂಡಿ ಒತ್ತುವಷ್ಟರ ಕೆಲಸ. ಅವರು ಅಳಿಸಲಿಲ್ಲ. ಆರು ಜನ ಒಂದೇ ಕೋಣೆಯಲ್ಲಿದ್ದರು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹತ್ತು ಹಾಡು

ಮೊದಲ ಹಾಡು ‘ದ ವಿಕರ್ ಮ್ಯಾನ್’ ಶುರುವಾಗುವುದು ಒಂದೇ ಗಿಟಾರ್‌ನಿಂದ, ಮರಳಿ ಬಂದ ಸ್ಮಿತ್‌ರ ಗಿಟಾರ್‌ನಿಂದ. ಮೇಲಿಂದ ಮೇಲೆ ಮರುಕಳಿಸುವ ಚುರುಕಾದ ತುಣುಕು; ರಾಕ್ ಸಂಗೀತದವರು ಅದನ್ನು ರಿಫ್ ಎನ್ನುತ್ತಾರೆ. ಅದು ಕೆಲವೇ ಸೆಕೆಂಡು ಒಂಟಿಯಾಗಿ ಓಡುತ್ತದೆ, ಆಮೇಲೆ ಡ್ರಮ್ಸ್, ಬೇಸ್, ಉಳಿದ ಗಿಟಾರ್‌ಗಳು ಬಂದು ಕೂಡಿಕೊಳ್ಳುತ್ತವೆ. ಹೆಸರು 1973ರ ಬ್ರಿಟಿಷ್ ಸಿನಿಮಾದಿಂದ ಬಂದದ್ದು. ಈ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 9ನೇ ಸ್ಥಾನ ಪಡೆಯಿತು. ಗ್ರಾಮಿ ಪ್ರಶಸ್ತಿಗೂ ನಾಮನಿರ್ದೇಶನಗೊಂಡಿತು, ಪ್ರಶಸ್ತಿ ಮಾತ್ರ ಡೆಫ್‌ಟೋನ್ಸ್ ತಂಡದ ಪಾಲಾಯಿತು.

‘ಘೋಸ್ಟ್ ಆಫ್ ದ ನ್ಯಾವಿಗೇಟರ್’ ಕಡಲಯಾನದ ಹಾಡು, ಅಲೆಯಂತೆ ಏರಿಳಿಯುವ ರಚನೆ. ಶೀರ್ಷಿಕೆ ಗೀತೆ ‘ಬ್ರೇವ್ ನ್ಯೂ ವರ್ಲ್ಡ್’ ಆಲ್ಡಸ್ ಹಕ್ಸ್‌ಲಿಯ 1932ರ ಕಾದಂಬರಿಯಿಂದ ಹೆಸರು ಪಡೆದಿದೆ. ಮನುಷ್ಯರನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿ, ಮಾತ್ರೆ ಕೊಟ್ಟು ಸುಖವಾಗಿಡುವ ಜಗತ್ತಿನ ಕಥೆ ಅದು. ಸಣ್ಣ ದನಿಯ ಗಿಟಾರ್‌ನಿಂದ ತೊಡಗಿ ಅಬ್ಬರಕ್ಕೇರಿ ಮತ್ತೆ ಸಣ್ಣ ದನಿಗೆ ಇಳಿಯುವ ಹಾಡು. ಪಲ್ಲವಿಯಲ್ಲಿ ಹೆಸರನ್ನೇ ಮತ್ತೆ ಮತ್ತೆ ಕೂಗುವುದು ತುಸು ಅತಿಯಾಯಿತು ಎನ್ನಿಸಿದರೂ ಸಾವಿರಾರು ಜನರ ನಡುವೆ ನಿಂತಾಗ ಅದೇ ಅದರ ಬಲ.

ಆಲ್ಬಂನ ಹೃದಯ ನಾಲ್ಕನೆಯ ಹಾಡು ‘ಬ್ಲಡ್ ಬ್ರದರ್ಸ್’. ಹ್ಯಾರಿಸ್ ಒಬ್ಬರೇ ಬರೆದದ್ದು ಇದೊಂದನ್ನೇ. ತೀರಿಕೊಂಡ ತಂದೆಯ ನೆನಪಿನಲ್ಲಿ ಬರೆದರು. ಮೇಡನ್‌ನ ಎಂದಿನ ಓಟ ಇಲ್ಲಿಲ್ಲ. ಮೂರು ಮೂರು ಮಾತ್ರೆಯ ತೂಗುವ ಲಯ, ಅದರ ಹಿಂದೆ ಜೆಫ್ ಬೋವಾ ಜೋಡಿಸಿದ ವಾದ್ಯವೃಂದದ ನಾದ. ತಂದೆಯನ್ನು ಕಳೆದುಕೊಂಡ ಮಗನ ಅಳಲು ನಿಧಾನವಾಗಿ ಎಲ್ಲರ ಅಳಲಾಗಿ, ಮನುಷ್ಯರೆಲ್ಲ ಒಡಹುಟ್ಟಿದವರೆಂಬ ಭಾವಕ್ಕೆ ಹರಡುತ್ತದೆ. ಮುಂದೆ 2010ರಲ್ಲಿ ಗಾಯಕ ರಾನಿ ಜೇಮ್ಸ್ ಡಿಯೊ ತೀರಿಕೊಂಡಾಗ ತಂಡ ವೇದಿಕೆಯ ಮೇಲೆ ಅವರಿಗೆ ಅರ್ಪಿಸಿದ್ದು ಇದೇ ಹಾಡನ್ನು. ಹೆವಿ ಮೆಟಲ್ ಎಂದರೆ ಬರೀ ಅರಚಾಟ ಎಂದುಕೊಂಡವರ ಮುಂದೆ ಇಡಬೇಕಾದ ಹಾಡು.

‘ದ ಮರ್ಸೆನರಿ’ ಮತ್ತು ‘ದ ಫಾಲನ್ ಏಂಜೆಲ್’ ಚಿಕ್ಕವು, ನೇರದವು. ಎರಡನೆಯದು ನಾಲ್ಕೇ ನಿಮಿಷದ್ದು. ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಒಂಬತ್ತು ನಿಮಿಷ ಮೀರುವ ‘ಡ್ರೀಮ್ ಆಫ್ ಮಿರರ್ಸ್’ ಮೊಳಕೆಯೊಡೆದದ್ದು ಬೇಲಿ ಇದ್ದ ಕಾಲದಲ್ಲೇ. ಇಷ್ಟೇ ಉದ್ದದ ‘ದ ನೊಮ್ಯಾಡ್’ ಮರುಭೂಮಿಯ ಗುಂಗಿನ ಹಾಡು; ನಡುವೆ ಎಳೆದಾಡುತ್ತದೆ, ಎರಡು ನಿಮಿಷ ಕತ್ತರಿಸಿದ್ದರೆ ನಷ್ಟವಿರಲಿಲ್ಲ. ‘ಔಟ್ ಆಫ್ ದ ಸೈಲೆಂಟ್ ಪ್ಲಾನೆಟ್’ ಸಿ.ಎಸ್. ಲೂಯಿಸ್‌ರ 1938ರ ಕಾದಂಬರಿಯ ಹೆಸರನ್ನೇ ಹೊತ್ತಿದೆ.

ಯಾರು ಯಾವ ಹಾಡು ಬರೆದರು ಎಂದು ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹತ್ತೂ ಹಾಡಿನಲ್ಲಿ ಹ್ಯಾರಿಸ್‌ರ ಹೆಸರಿದೆ. ಅವರೊಬ್ಬರದೇ ಆದ ‘ಬ್ಲಡ್ ಬ್ರದರ್ಸ್’ ಬಿಟ್ಟರೆ ಉಳಿದ ಒಂಬತ್ತರಲ್ಲಿ ಸ್ಮಿತ್ ಸೇರಿ ಬರೆದದ್ದು ಎರಡು, ಮರ್ರೆ ಮೂರು, ಗರ್ಸ್ ನಾಲ್ಕು. ಸ್ಮಿತ್ ಬಂದರೆ ಹೋಗಲೇಬೇಕೆಂದು ಹೊರಗಿನವರು ಎಣಿಸಿದ್ದ ಗರ್ಸ್ ಗಿಟಾರ್ ವಾದಕರಲ್ಲೇ ಅತಿ ಹೆಚ್ಚು ಹಾಡುಗಳಿಗೆ ಕೈ ಹಾಕಿದ್ದರು. ಅವರನ್ನು ಬಿಟ್ಟಿದ್ದರೆ ‘ಘೋಸ್ಟ್ ಆಫ್ ದ ನ್ಯಾವಿಗೇಟರ್’ ಇರುತ್ತಿರಲಿಲ್ಲ, ‘ಡ್ರೀಮ್ ಆಫ್ ಮಿರರ್ಸ್’ ಕೂಡ.

ಹೊದಿಕೆಯ ಚಿತ್ರ

ಮೇಡನ್ ಆಲ್ಬಂ ಎಂದರೆ ಹೊದಿಕೆಯ ಮೇಲೆ ಎಡ್ಡಿ ಇರಲೇಬೇಕು. ಎಲುಬುಮೋರೆಯ ಈ ಭೂತವನ್ನು ಸೃಷ್ಟಿಸಿದ ಕಲಾವಿದ ಡೆರೆಕ್ ರಿಗ್ಸ್. ತೊಂಬತ್ತರ ದಶಕದಲ್ಲಿ ಹೊದಿಕೆಗಳು ಬೇರೆಯವರ ಕೈ ಸೇರಿದ್ದವು. ಇಲ್ಲಿ ಮೇಲಿನ ಅರ್ಧ ರಿಗ್ಸ್‌ರದು: ಕಪ್ಪು ಮೋಡವೇ ಎಡ್ಡಿಯ ಮುಖವಾಗಿ ಬಾಯ್ತೆರೆದಿದೆ. ಕೆಳಗಿನ ಅರ್ಧ, ಭವಿಷ್ಯದ ಲಂಡನ್ ನಗರ, ಸ್ಟೀವ್ ಸ್ಟೋನ್ ಕಂಪ್ಯೂಟರಿನಲ್ಲಿ ರೂಪಿಸಿದ್ದು. ಹಳೆಯ ಕೈ ಮತ್ತು ಹೊಸ ಕೈ ಒಂದೇ ಚಿತ್ರದಲ್ಲಿ ಸೇರಿದವು.

ಬಿಡುಗಡೆ ಮತ್ತು ಪ್ರವಾಸ

ಆಲ್ಬಂ ಬ್ರಿಟನ್ ಪಟ್ಟಿಯಲ್ಲಿ 7ನೇ ಸ್ಥಾನ ಪಡೆಯಿತು. ಅಮೆರಿಕದಲ್ಲಿ 39. ಎರಡು ವರ್ಷದ ಹಿಂದೆ ಅಲ್ಲಿ 124ರಲ್ಲಿ ನಿಂತಿದ್ದ ತಂಡಕ್ಕೆ ಇದು ಮರುಹುಟ್ಟು. ಆ ಬೇಸಿಗೆಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಾರ್ಯಕ್ರಮದ ಟಿಕೆಟ್‌ಗಳೆಲ್ಲ ಮಾರಾಟವಾದವು. ಯುರೋಪಿನಲ್ಲಿ ಮಾತ್ರ ಒಂದು ವಿಘ್ನ: ಜರ್ಮನಿಯಲ್ಲಿ ಗರ್ಸ್ ವೇದಿಕೆಯಿಂದ ಬಿದ್ದು ಪೆಟ್ಟು ಮಾಡಿಕೊಂಡರು, ಕೆಲವು ಕಾರ್ಯಕ್ರಮಗಳು ರದ್ದಾದವು.

ಪ್ರವಾಸ ಮುಗಿದದ್ದು 2001ರ ಜನವರಿ 19ರಂದು, ಬ್ರೆಜಿಲ್‌ನ ‘ರಾಕ್ ಇನ್ ರಿಯೊ’ ಉತ್ಸವದಲ್ಲಿ. ಸೇರಿದ್ದ ಜನ ಸುಮಾರು 2.5 ಲಕ್ಷ. ಅಂದು ಹಾಡಿದ 18 ಹಾಡುಗಳಲ್ಲಿ 6 ಈ ಆಲ್ಬಂನವು. ಮೊದಲ ಮೂರಂತೂ ಆಲ್ಬಂನ ಕ್ರಮದಲ್ಲೇ ಬಂದವು. ಅಷ್ಟು ದೊಡ್ಡ ಸಮುದಾಯದ ಮುಂದೆ ಹಳೆಯ ಜನಪ್ರಿಯ ಹಾಡಿನಿಂದ ಶುರುಮಾಡದೆ ಏಳೆಂಟು ತಿಂಗಳ ಹಿಂದಿನ ಹಾಡುಗಳನ್ನು ಸಾಲಾಗಿ ಇಡುವುದಕ್ಕೆ ಗುಂಡಿಗೆ ಬೇಕು. ಅವರು ತಮ್ಮ ಹೊಸ ಹಾಡುಗಳನ್ನು ಎಷ್ಟು ನಂಬಿದ್ದರೆಂದು ಅಲ್ಲೇ ಗೊತ್ತಾಗುತ್ತದೆ.

ಅದೇ ಪಟ್ಟಿಯಲ್ಲಿ ಬೇಲಿ ಕಾಲದ ‘ಸೈನ್ ಆಫ್ ದ ಕ್ರಾಸ್’ ಮತ್ತು ‘ದ ಕ್ಲ್ಯಾನ್ಸ್‌ಮನ್’ ಕೂಡ ಇದ್ದವು. ಬಿಟ್ಟುಹೋಗಿದ್ದ ಗಾಯಕ ಮರಳಿ ಬಂದು, ತಾನಿಲ್ಲದ ಕಾಲದಲ್ಲಿ ಇನ್ನೊಬ್ಬ ಹಾಡಿದ ಹಾಡುಗಳನ್ನು ಮನಸ್ಸಿಟ್ಟು ಹಾಡಿದರು. ನಡುವಿನ ಐದು ವರ್ಷ ನಡೆದೇ ಇಲ್ಲ ಎಂಬಂತೆ ತಂಡ ನಡೆದುಕೊಳ್ಳಲಿಲ್ಲ. ಬೇಲಿಯೂ ಕೈಕಟ್ಟಿ ಕೂರಲಿಲ್ಲ. ಅದೇ 2000ದಲ್ಲಿ ‘ಸಿಲಿಕಾನ್ ಮೆಸಾಯ’ ಎಂಬ ಗಟ್ಟಿ ಆಲ್ಬಂ ತಂದರು.

ಬೇರೆ ತಂಡಗಳಲ್ಲಿ

ಬದಲಾದ ತಂಡದೊಂದಿಗೆ ಮತ್ತೆ ಕೂಡುವುದು ಎಲ್ಲ ಕಡೆಯೂ ಒಂದೇ ಬಗೆಯಲ್ಲಿ ನಡೆಯುವುದಿಲ್ಲ. ಸಿಯಾಟಲ್‌ನ ಆಲಿಸ್ ಇನ್ ಚೇನ್ಸ್‌ಗೆ ಬದಲಾವಣೆ ಆಯ್ಕೆಯಾಗಿರಲಿಲ್ಲ. ಗಾಯಕ ಲೇನ್ ಸ್ಟೇಲಿ 2002ರಲ್ಲಿ ತೀರಿಕೊಂಡಿದ್ದರು. ತಂಡ ಮತ್ತೆ ವೇದಿಕೆ ಹತ್ತಿದ್ದು 2005ರ ಆರಂಭದಲ್ಲಿ, ಹಿಂದಿನ ಡಿಸೆಂಬರಿನ ಸುನಾಮಿ ಸಂತ್ರಸ್ತರ ನೆರವಿಗಾಗಿ ನಡೆದ ಕಾರ್ಯಕ್ರಮದಲ್ಲಿ. ವಿಲಿಯಂ ಡುವಾಲ್ ಸೇರಿದ ಮೇಲೆ 2009ರಲ್ಲಿ ಬಂದ ‘ಬ್ಲ್ಯಾಕ್ ಗಿವ್ಸ್ ವೇ ಟು ಬ್ಲೂ’ ಅಗಲಿದ ಗೆಳೆಯನಿಗೆ ಸಲ್ಲಿಸಿದ ಕಂಬನಿ. ಅದರ ಶೀರ್ಷಿಕೆ ಗೀತೆಗೆ ಎಲ್ಟನ್ ಜಾನ್ ಪಿಯಾನೊ ನುಡಿಸಿದರು.

ಬ್ಲ್ಯಾಕ್ ಸಬ್ಬತ್‌ದು ಕಹಿ ಬೆರೆತ ಕಥೆ. ನಾಲ್ವರು ಮೂಲ ಸದಸ್ಯರೂ ಕೂಡುವುದಾಗಿ ಹೇಳಿದ ಮೇಲೆ ಕರಾರಿನ ತಕರಾರಿನಿಂದ ಡ್ರಮ್ಸ್‌ನ ಬಿಲ್ ವಾರ್ಡ್ ಹಿಂದೆ ಸರಿದರು. 2013ರ ‘13’ ಆಲ್ಬಂಗೆ ಬ್ರಾಡ್ ವಿಲ್ಕ್ ನುಡಿಸಿದರು. ಬ್ರಿಟನ್, ಅಮೆರಿಕ ಎರಡೂ ಕಡೆ ಆಲ್ಬಂ ಮೊದಲ ಸ್ಥಾನಕ್ಕೇರಿತು, ಆದರೆ ವಾರ್ಡ್ ಇಲ್ಲದ ಕೊರತೆ ಕೇಳುವವರ ಮನಸ್ಸಿನಿಂದ ಹೋಗಲಿಲ್ಲ. ಒಬ್ಬ ಸದಸ್ಯ ಹೆಚ್ಚಾಗಿ ಕೂಡಿಕೊಂಡ ಮೇಡನ್‌ನ ಉದಾಹರಣೆ ಇವುಗಳ ನಡುವೆ ಅಪರೂಪದ್ದು.

ಬೆಂಗಳೂರಿನ ನಂಟು

ಈ ಆರು ಮಂದಿಯ ಮೇಡನ್ ಕರ್ನಾಟಕಕ್ಕೆ ಅಪರಿಚಿತವಲ್ಲ. 2007ರ ಮಾರ್ಚ್ 17ರಂದು ತಂಡ ಭಾರತದಲ್ಲಿ ಮೊದಲ ಬಾರಿಗೆ ನುಡಿಸಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. ದೇಶದ ಮೂಲೆಮೂಲೆಯಿಂದ ರೈಲು, ಬಸ್ಸು ಹತ್ತಿ ಕಪ್ಪು ಟೀ ಶರ್ಟಿನ ಹುಡುಗರು ಬಂದಿದ್ದರು. ದೆಹಲಿಯ ಪರಿಕ್ರಮ ತಂಡ ಅಂದು ಮುಂಚಿತವಾಗಿ ನುಡಿಸಿತು. ಮರುವರ್ಷ ಫೆಬ್ರವರಿ 1ರಂದು ಮುಂಬಯಿ. ವಿಮಾನ ಚಾಲಕರೂ ಆದ ಡಿಕಿನ್ಸನ್ ತಂಡವನ್ನೂ ಸರಂಜಾಮನ್ನೂ ಹೊತ್ತ ಬೋಯಿಂಗ್ 757 ವಿಮಾನವನ್ನು ತಾವೇ ಹಾರಿಸಿದ ವಿಶ್ವ ಪ್ರವಾಸದ ಮೊದಲ ಊರು ಅದು. 2009ರ ಫೆಬ್ರವರಿ 15ರಂದು ಮತ್ತೆ ಬೆಂಗಳೂರು, ಮತ್ತೆ ಅರಮನೆ ಮೈದಾನ.

ದೊಡ್ಡ ವಿದೇಶಿ ರಾಕ್ ತಂಡಗಳನ್ನು ಇಲ್ಲಿಗೆ ಕರೆಸಬಹುದು, ಜನ ಬರುತ್ತಾರೆ ಎಂಬ ಧೈರ್ಯಕ್ಕೆ ಆ ಕಾರ್ಯಕ್ರಮಗಳೂ ಕಾರಣ. 2011ರಲ್ಲಿ ಮೆಟಾಲಿಕಾ ಇದೇ ಮೈದಾನಕ್ಕೆ ಬಂತು. ಊರಿನ ತಂಡಗಳಲ್ಲೂ ಜೋಡಿ ಗಿಟಾರ್‌ನ ಆ ಹಳೆಯ ಮೆಟಲ್ ಶೈಲಿ ಬೇರು ಬಿಟ್ಟಿದೆ. ಬೆಂಗಳೂರಿನ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆಯವರೆಗೆ ಅದನ್ನು ಒಯ್ದಿತು.

ಆ ತಂಡ ಬಾಳಿದ್ದು

1999ರಲ್ಲಿ ಕೂಡಿದ ಆರು ಮಂದಿ ಮತ್ತೆ ಒಡೆಯಲಿಲ್ಲ. ‘ಡಾನ್ಸ್ ಆಫ್ ಡೆತ್’ (2003), ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ (2006), ‘ದ ಫೈನಲ್ ಫ್ರಾಂಟಿಯರ್’ (2010), ‘ದ ಬುಕ್ ಆಫ್ ಸೋಲ್ಸ್’ (2015), ‘ಸೆಂಜುತ್ಸು’ (2021) ಎಲ್ಲವೂ ಅವರವೇ, ಎಲ್ಲದರಲ್ಲೂ ಕೆವಿನ್ ಶರ್ಲಿಯ ಕೈಯಿದೆ. ನಡುವೆ ಡಿಕಿನ್ಸನ್ ಕ್ಯಾನ್ಸರ್ ಗೆದ್ದು ಬಂದರು. 2023ರ ಜನವರಿಯಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಮೆಕ್‌ಬ್ರೇನ್ ಚೇತರಿಸಿಕೊಂಡು ಮತ್ತೆ ಡ್ರಮ್ಸ್ ಹಿಂದೆ ಕೂತರು. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಅವರು ಪ್ರವಾಸಗಳಿಗೆ ವಿದಾಯ ಹೇಳಿದರು; 2025ರ ಪ್ರವಾಸಕ್ಕೆ ಸೈಮನ್ ಡಾಸನ್ ಬಂದರು. ಮತ್ತೆ ಕೂಡಿದ ಬಳಗ ಕಾಲು ಶತಮಾನ ಬಾಳಿತು. ಡಿಕಿನ್ಸನ್‌ರ ಮೊದಲ ಸರದಿಯ ಎರಡರಷ್ಟಾಯಿತು ಇದು.

ಹೊಸದಾಗಿ ಕೇಳುವವರಿಗೆ

ಹೆವಿ ಮೆಟಲ್ ಅಭ್ಯಾಸವಿಲ್ಲದವರು ಮೊದಲು ‘ಬ್ಲಡ್ ಬ್ರದರ್ಸ್’ ಕೇಳಲಿ, ಆಮೇಲೆ ‘ಘೋಸ್ಟ್ ಆಫ್ ದ ನ್ಯಾವಿಗೇಟರ್’. ಮೊಬೈಲಿನ ಸ್ಪೀಕರಿನಲ್ಲಿ ಬೇಡ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡರೆ ಮೂರು ಗಿಟಾರ್‌ಗಳೂ ಬೇರೆ ಬೇರೆಯಾಗಿ ಸಿಗುತ್ತವೆ. ಅದು ಹಿಡಿಸಿದರೆ 2002ರಲ್ಲಿ ಬಂದ ‘ರಾಕ್ ಇನ್ ರಿಯೊ’ ಮುದ್ರಣದಲ್ಲಿ ಅವೇ ಹಾಡುಗಳನ್ನು ಕೇಳಿ. ನನ್ನ ಎಣಿಕೆಯಲ್ಲಿ ‘ಬ್ರೇವ್ ನ್ಯೂ ವರ್ಲ್ಡ್’ ಮತ್ತೆ ಕೂಡಿದ ರಾಕ್ ತಂಡವೊಂದು ಮಾಡಿದ ಅತ್ಯುತ್ತಮ ಆಲ್ಬಂ.